ಬಾಗಿಲ ಹೊರಗಿನ ಚಪ್ಪಲಿ

ದೆವ್ವ ಪಿಶಾಚಿಯ ಕತೆ ಹೇಳುವವರನ್ನು ಗೇಲಿ ಮಾಡಿಕೊಂಡೇ ಬೆಳೆದವನು ನಾನು. ಈಗ ಇದನ್ನು ನಂಬಿ ಎಂದು ನಿಮ್ಮನ್ನು ಕೇಳುವ ಮುಖ ನನಗಿಲ್ಲ. ಮುಖವಿಲ್ಲದ್ದಕ್ಕೆ ಬೇರೆ ಕಾರಣವೂ ಇದೆ.

ಕುವೈತಿನ ರುಮೈಥಿಯಾದಲ್ಲಿ ನಾನೂ ಉಡುಪಿ ಕಡೆಯ ಶೇಖರನೂ ಒಂದೇ ಫ್ಲ್ಯಾಟಿನಲ್ಲಿದ್ದೆವು. ತೊಂಬತ್ತರಲ್ಲಿ ಪಕ್ಕದ ದೇಶದ ಸೈನ್ಯ ಬಂದು ಊರು ಹಿಡಿಯಿತು. ಎದುರುಮನೆಯ ಮೇಷ್ಟ್ರು ಅಬು ಖಾಲಿದರನ್ನು ಸೈನಿಕರು ಹುಡುಕುತ್ತಿದ್ದರು. ಒಂದು ಬೆಳಿಗ್ಗೆ ಶೇಖರ ಕೆಲಸಕ್ಕೆ ಹೋಗಿದ್ದಾಗ ಮೇಷ್ಟ್ರು ಓಡಿಬಂದು ನಮ್ಮಲ್ಲಿ ಅಡಗಿದರು. ಕಾಲಲ್ಲಿ ಚಪ್ಪಲಿಯಿತ್ತು. ದೇವರ ಪಟವಿದ್ದ ಮನೆ. ನಾನು ಅದನ್ನು ತೆಗೆಸಿ, ನಮ್ಮೂರಿನ ಅಭ್ಯಾಸದಂತೆ ಬಾಗಿಲ ಹೊರಗೆ ಜೋಡಿಸಿಟ್ಟೆ. ಎಂಥ ಬುದ್ಧಿ! ಮೆಟ್ಟಿಲು ಹತ್ತಿ ಬಂದ ಸೈನಿಕರು ನಮ್ಮ ರಬ್ಬರ್ ಚಪ್ಪಲಿಗಳ ಪಕ್ಕ ಆ ಅರಬ್ಬಿ ಚಪ್ಪಲಿಯನ್ನು ಕಂಡರು. ಮೇಷ್ಟ್ರನ್ನು ಬರಿಗಾಲಲ್ಲೇ ಎಳೆದೊಯ್ದರು. ಮೇಷ್ಟ್ರು ಮತ್ತೆ ಬರಲಿಲ್ಲ. ಹೆದರಿಕೆಯಿಂದ ಆ ಚಪ್ಪಲಿಯನ್ನು ದೂರದ ಕಸದ ಡಬ್ಬಿಗೆ ಹಾಕಿ ಬಂದೆ. ಈ ಸಂಗತಿಯನ್ನು ಶೇಖರನಿಗೂ ಹೇಳಲಿಲ್ಲ.

ಮರುವರ್ಷ ಯುದ್ಧ ಮುಗಿಯಿತು. ಮಾನವೀಯತೆಯ ವಿರುದ್ಧ ನಡೆದ ಅಪರಾಧಗಳ ವಿಚಾರಣೆಗೆ ಅಂತರರಾಷ್ಟ್ರೀಯ ವಿಶೇಷ ನ್ಯಾಯಾಲಯ ಕೂರುತ್ತದಂತೆ ಎಂದು ಎಲ್ಲರೂ ಮಾತಾಡುತ್ತಿದ್ದರು. ಸಾಕ್ಷಿ ಬರೆದುಕೊಳ್ಳಲು ಬಂದ ವಕೀಲರು ನನ್ನನ್ನೂ ಕರೆದರು. ಮೇಷ್ಟ್ರು ಒಳಗಿದ್ದಾರೆಂದು ಸೈನಿಕರಿಗೆ ತಿಳಿದದ್ದು ಹೇಗೆ ಎಂದು ಕೇಳಿದರು. ನಮ್ಮ ಕಟ್ಟಡದ ಕೆಳಗಿನ ಕಾವಲುಗಾರ ಹೇಳಿರಬೇಕು ಎಂದುಬಿಟ್ಟೆ. ಬರೆದುಕೊಂಡರು, ಸಹಿ ಹಾಕಿದೆ. ಆ ಕಷ್ಟದ ತಿಂಗಳುಗಳಲ್ಲಿ ನಮಗೆ ಕುಡಿಯುವ ನೀರು ಹೊತ್ತು ತಂದುಕೊಟ್ಟ ಮುದುಕ ಅವನು.

ಅಂದು ಮಧ್ಯಾಹ್ನ ಮನೆಗೆ ಬಂದರೆ ಬಾಗಿಲ ಹೊರಗೆ ಅದೇ ಚಪ್ಪಲಿ. ಎಡಗಾಲಿನ ಪಟ್ಟಿಗೆ ಹಿಂದೊಮ್ಮೆ ನಾನೇ ಹಾಕಿಕೊಟ್ಟ ನೀಲಿ ದಾರದ ಹೊಲಿಗೆ ಹಾಗೆಯೇ ಇತ್ತು. ಮುಟ್ಟಿದೆ. ಈಗಷ್ಟೇ ಯಾರೋ ಕಳಚಿಟ್ಟಂತೆ ಬೆಚ್ಚಗಿತ್ತು. ಕುವೈತಿನಲ್ಲಿ ಬೆಚ್ಚಗಿರದ ವಸ್ತು ಯಾವುದು ಎಂದು ನೀವು ಕೇಳಬಹುದು. ಆದರೆ ಆ ಮೆಟ್ಟಿಲಿಗೆ ಬಿಸಿಲು ಬೀಳುತ್ತಿರಲಿಲ್ಲ.

ನನ್ನ ಹಿಂದೆಯೇ ಬಂದ ಶೇಖರನೂ ನೋಡಿದ. "ಯಾರು ಮಾರಾಯ ಬಂದದ್ದು? ಚಪ್ಪಲಿ ಉಂಟು, ಜನ ಕಾಣುದಿಲ್ಲ!"

ಬಾಗಿಲಿಗೆ ಬೀಗ ಹಾಕಿಯೇ ಇತ್ತು. ತೆಗೆದು ಒಳಗೆಲ್ಲ ಹುಡುಕಿದೆವು, ಯಾರೂ ಇರಲಿಲ್ಲ. ಹೊರಗೆ ಬಂದು ನೋಡಿದರೆ ಚಪ್ಪಲಿಯೂ ಇರಲಿಲ್ಲ.

"ಎಂಥ ಇದು? ನಿನ್ನ ಮುಖ ಯಾಕೆ ಹೀಗಾಯ್ತು?" ಎಂದ ಶೇಖರ. ಏನೂ ಇಲ್ಲ ಎಂದೆ.

ಐದಾರು ದಿನ ಕಳೆದ ಮೇಲೆ ಕಾವಲುಗಾರನನ್ನು ಪೊಲೀಸರು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ನಾನು ಕಿಟಕಿಯಿಂದ ನೋಡಿದೆ. ಎಲ್ಲರೂ ಹೇಳಿದ ಆ ನ್ಯಾಯಾಲಯ ಕೊನೆಗೂ ಕೂರಲಿಲ್ಲ. ನನ್ನನ್ನು ಮತ್ತೆ ಯಾರೂ ಏನೂ ಕೇಳಲಿಲ್ಲ.

ಆ ಚಪ್ಪಲಿ ಹೇಗೆ ಬಂತು, ಎಲ್ಲಿಗೆ ಹೋಯಿತು, ಇಂದಿಗೂ ನನಗೆ ಗೊತ್ತಿಲ್ಲ. ಯಾಕೆ ಬಂತೆಂಬುದು ಮಾತ್ರ ಆ ಮಧ್ಯಾಹ್ನವೇ ಗೊತ್ತಾಗಿತ್ತು. ಮರುದಿನವೇ ಹೋಗಿ, ಅವನಲ್ಲ, ನಾನು ಎಂದು ಹೇಳಬಹುದಿತ್ತು. ಐದಾರು ದಿನ ಸಮಯವಿತ್ತು. ಹೋಗಲಿಲ್ಲ.