ಗಾಜಕ್ಕನ ಹಾಳೆ

ಎದುರಿಗೆ ಕೂತವರ ಕನ್ನಡಕವನ್ನು ಮೂಗಿನಿಂದಲೇ ಕಿತ್ತು, ಕರವಸ್ತ್ರದಲ್ಲಿ ತಿಕ್ಕಿ, ಮತ್ತೆ ಮೂಗಿಗೇರಿಸುವ ಹೆಂಗಸನ್ನು ಜನ ಗಾಜಕ್ಕ ಎನ್ನದೆ ಇನ್ನೇನು ಅಂದಾರು? ಬೇಸರಪಟ್ಟುಕೊಳ್ಳುವ ಹಾಗೂ ಇರಲಿಲ್ಲ, ಕನ್ನಡಕ ನಿಜಕ್ಕೂ ಲಕಲಕ ಹೊಳೆಯುತ್ತಿತ್ತು. ಗಂಡ ಮಾತ್ರ ತನ್ನದನ್ನು ಜೇಬಿನಲ್ಲಿ ಇಟ್ಟುಕೊಂಡೇ ಮನೆಯೊಳಗೆ ಕಾಲಿಡುತ್ತಿದ್ದ.

ಅವಳ ಕೆಲಸವೂ ಗುಣಕ್ಕೆ ತಕ್ಕದ್ದೇ. ಕಣ್ಣಾಸ್ಪತ್ರೆಯ ಹಿಂಬದಿಯ ಪ್ರಯೋಗಾಲಯದಲ್ಲಿ ಮೀನಿನ ಮೈಮೇಲಿನ ಹುರುಪೆಯನ್ನು ತೊಳೆದು, ನೆನೆಸಿ, ಅದರಿಂದ ಕೊಲಾಜೆನ್ ಎಂಬ ಅಂಟಂಥ ಪದಾರ್ಥ ತೆಗೆದು, ಅಚ್ಚಿಗೆ ಹೊಯ್ದು, ಒಣಗಿಸಿ ತೆಳ್ಳನೆಯ ಹಾಳೆ ಮಾಡುವುದು. ಕಣ್ಣಿನ ಮುಂಭಾಗದ ಗಾಜಿನಂಥ ಪದರ, ಅಂದರೆ ಕಾರ್ನಿಯಾ, ಕಲೆಗಟ್ಟಿ ಮಂಜಾದವರಿಗೆ ಆ ಹಾಳೆಯನ್ನು ಕೂರಿಸಿದರೆ, ಬಳ್ಳಿ ಚಪ್ಪರ ಹಿಡಿದು ಹಬ್ಬುವ ಹಾಗೆ ಜೀವಕೋಶಗಳು ಅದನ್ನು ಹಿಡಿದು ಹೊಸ ಪದರ ಬೆಳೆಸಬೇಕು ಎಂಬುದು ವೈದ್ಯರ ಲೆಕ್ಕಾಚಾರ. ಗಾಜಕ್ಕ ಮನೆಯಲ್ಲಿ ವಿವರಿಸುವಾಗ ಆ ‘ಬೆಳೆಸಬೇಕು’ ಎಂಬುದು ‘ಬೆಳೆಸಿಯೇ ಬಿಡುತ್ತವೆ’ ಎಂದಾಗುತ್ತಿತ್ತು.

ಅದನ್ನು ದಿನಾ ಕೇಳಿಸಿಕೊಳ್ಳುವ ಪಾಡು ನಾದಿನಿಯದು. ಅವಳು ದರ್ಜಿ, ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಸೋಂಕು ತಗುಲಿ ಬಲಗಣ್ಣು ಹಾಲು ಬೆರೆಸಿದ ನೀರಿನಂತಾಗಿತ್ತು. ಎಡಗಣ್ಣೊಂದನ್ನೇ ನಂಬಿ ಹೊಲಿದ ಕಾಲರುಗಳು ಗಿರಾಕಿಗಳ ಕತ್ತನ್ನು ಒಂದು ಕಡೆಗೆ ಎಳೆಯತೊಡಗಿದ್ದವು, ಗಿರಾಕಿಗಳು ಬೇರೆ ಅಂಗಡಿಯ ಕಡೆಗೆ. ಹಾಳೆಯ ಪ್ರಯೋಗಕ್ಕೆ ಒಪ್ಪಿದವರಲ್ಲಿ ಅವಳೂ ಒಬ್ಬಳು. ಮುಂದಿನ ವಾರ ಶಸ್ತ್ರಚಿಕಿತ್ಸೆ. ದೃಷ್ಟಿ ಮರಳಿದರೆ ಅಂಗಡಿ ಉಳಿಯುತ್ತದೆ, ಇಲ್ಲವಾದರೆ ಬಾಗಿಲು ಹಾಕಬೇಕು.

ಹಾಳೆಯನ್ನು ಪರೀಕ್ಷಿಸಲು ಪ್ರಯೋಗಾಲಯದಲ್ಲಿ ಯಂತ್ರವೊಂದಿತ್ತು. ಎಷ್ಟು ಬೆಳಕು ದಾಟಿತು ಎಂದು ಅದು ಹೇಳುತ್ತಿತ್ತು. ದಾಟಿದ ಬೆಳಕು ನೆಟ್ಟಗೆ ಹೋಯಿತೋ ಚೆಲ್ಲಾಪಿಲ್ಲಿಯಾಯಿತೋ, ಅದು ಅದಕ್ಕೆ ಬೇಡದ ಉಸಾಬರಿ. ಅದರ ಮೇಲೆ ಗಾಜಕ್ಕನದೇ ಇನ್ನೊಂದು ಪರೀಕ್ಷೆ: ಹಾಳೆಯನ್ನು ಪತ್ರಿಕೆಯ ಮೇಲೆ ಹಾಸಿ ಅಡಿಯ ಅಕ್ಷರ ಓದುವುದು. ಈ ಸಲ ಸಣ್ಣಕ್ಷರದ ಜಾಹೀರಾತೂ ಕಂಡಿತು. ಹಿಗ್ಗು ತಡೆಯಲಾರದೆ, ಕತ್ತರಿಸಿ ಉಳಿದ ಚೂರೊಂದನ್ನು ಡಬ್ಬಿಯಲ್ಲಿಟ್ಟು ಮನೆಗೇ ತಂದಳು.

“ನೋಡು, ಸ್ಫಟಿಕ!”

ನಾದಿನಿ ಪತ್ರಿಕೆಯ ಗೋಜಿಗೇ ಹೋಗಲಿಲ್ಲ. ಚೂರನ್ನು ಚಿಮಟದಿಂದ ಎತ್ತಿ, ಒಳ್ಳೆಯ ಕಣ್ಣಿನ ಮುಂದೆ ಹಿಡಿದು ಅತ್ತಿಗೆಯನ್ನೇ ನೋಡಿದಳು.

“ಅತ್ತಿಗೆ, ನಿಮ್ಮ ಮುಖಾನೇ ಕಾಣಿಸ್ತಿಲ್ಲ. ಬರೀ ಬಿಳಿ ಮಂಜು. ಇಂಥದ್ದು ನನ್ನ ಹತ್ರ ಆಗ್ಲೇ ಒಂದಿದೆಯಲ್ಲ!”

“ಸರಿಯಾಗಿ ಹಿಡಿ. ನಿಂಗೆ ನೋಡೋಕೇ ಬರಲ್ಲ.”

“ನೋಡೋಕೆ ಬಂದಿದ್ರೆ ನಿಮ್ಮ ಹಾಳೆ ಯಾಕೆ ಬೇಕಿತ್ತು?”

ಗಾಜಕ್ಕ ಚೂರನ್ನು ಕಸಿದುಕೊಂಡು ಪತ್ರಿಕೆಯ ಮೇಲಿಟ್ಟಳು. ಅಕ್ಷರ ಸ್ಪಷ್ಟ. ಬೆರಳಗಲ ಮೇಲೆತ್ತಿದಳು. ಅಕ್ಷರ ಮಾಯ. ಮತ್ತೆ ಇಟ್ಟಳು, ಮತ್ತೆ ಎತ್ತಿದಳು. ಅಂಟಿಕೊಂಡದ್ದನ್ನು ಮಾತ್ರ ತೋರಿಸುವ ಹಾಳೆ ಅದು. ಜಗತ್ತನ್ನು ಕಣ್ಣಿಗೆ ಅಂಟಿಸಿಕೊಂಡು ಯಾರು ನೋಡುತ್ತಾರೆ? ಒಮ್ಮೆಯಾದರೂ ಎತ್ತಿ ನೋಡಬೇಕೆಂದು ಹೊಳೆಯದ ತನ್ನ ಬುದ್ಧಿಗೆ ಏನೆನ್ನಬೇಕೋ ಅವಳಿಗೆ ತೋಚಲಿಲ್ಲ.

ಊಟದ ಹೊತ್ತಿಗೂ ಅವಳ ತಲೆಯಲ್ಲಿ ಅದೇ ಲೆಕ್ಕ. ವೈದ್ಯರಿಗೆ ಹೇಳಿದರೆ ಹಾಳೆಗಳೆಲ್ಲ ಕಸದ ಬುಟ್ಟಿಗೆ, ಶಸ್ತ್ರಚಿಕಿತ್ಸೆ ತಿಂಗಳುಗಟ್ಟಲೆ ಮುಂದಕ್ಕೆ. ಹೇಳದಿದ್ದರೆ ನಾಳೆ ತಪ್ಪನ್ನು ಯಂತ್ರದ ಮೇಲೆ ಹಾಕಿ ಕೈತೊಳೆದುಕೊಳ್ಳಬಹುದು. ಅವಳಿಗೆ ಭಯವಾಗಿತ್ತು, ತನ್ನ ಹೆಸರಿಗಾಗಿ ಸ್ವಲ್ಪ, ನಾದಿನಿಯ ಕಣ್ಣಿಗಾಗಿ ಬಹಳ.

ಬೆಳಿಗ್ಗೆ ಹೋದವಳೇ ಹಿರಿಯ ವೈದ್ಯರ ಕೈಗೆ ಒಂದು ಹಾಳೆ ಕೊಟ್ಟು, “ಎತ್ತಿ ಹಿಡಿದು ನೋಡಿ ಡಾಕ್ಟ್ರೇ” ಎಂದಳು. ಅವರು ನೋಡಿದರು. ಇಳಿಸಿ, ಕಿಟಕಿಯ ಹತ್ತಿರ ಹೋಗಿ ಮತ್ತೊಮ್ಮೆ ನೋಡಿದರು. ಮಧ್ಯಾಹ್ನದೊಳಗೆ ಎಲ್ಲ ಹಾಳೆಗಳೂ ಬುಟ್ಟಿ ಸೇರಿದವು.

ಸಂಜೆ ವಿಷಯ ತಿಳಿದ ನಾದಿನಿ ಹೊಲಿಗೆ ಯಂತ್ರದ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದಳು.

“ಅಲ್ಲೀವರೆಗೂ ನನ್ನ ಅಂಗಡಿ ಇರುತ್ತಾ, ಅತ್ತಿಗೆ?”

“ನಂದೇ ತಪ್ಪು ಕಣೇ” ಎಂದಳು ಗಾಜಕ್ಕ. ಆ ಮನೆಯಲ್ಲಿ ಅವಳ ಬಾಯಿಂದ ಅಂಥ ಮಾತು ಹೊರಟದ್ದು ಅದೇ ಮೊದಲು.

ನಾದಿನಿ ತೊಡೆಯ ಮೇಲಿದ್ದ ಬಟ್ಟೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಆಮೇಲೆ ಪಕ್ಕದ ಸ್ಟೂಲನ್ನು ಕಾಲಿನಿಂದ ತಳ್ಳಿ, “ಕೂತ್ಕೊಳ್ಳಿ. ನನ್ನ ಕಣ್ಣು ಸರಿಹೋಗೋವರೆಗೂ ನಿಮ್ಮ ಕಣ್ಣು ನಂದು” ಎಂದು ಸೂಜಿ, ದಾರ ಎರಡನ್ನೂ ಅವಳ ಕೈಗಿಟ್ಟಳು.

ಗಾಜಕ್ಕ ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಪೋಣಿಸಲು ಹೋದಳು. ತಪ್ಪಿತು. ಇನ್ನೊಮ್ಮೆ ಹೋದಳು. ಕಣ್ಣು ತುಂಬಿಕೊಂಡು ಸೂಜಿಯ ತೂತೇ ಕಾಣುತ್ತಿರಲಿಲ್ಲ.

“ಏನತ್ತಿಗೆ,” ನಾದಿನಿ ಕೇಳಿದಳು, “ನಿಮ್ಮ ಹೆಸರನ್ನೂ ಆಸ್ಪತ್ರೇಲಿ ಬರೆಸೋಣ್ವಾ?”