ನಮ್ಮ ಬಚ್ಚಲ ನೀರು ಎಲ್ಲಿಗೆ ಹೋಯಿತು?

ನಾನು ಸ್ನಾನ ಮಾಡಿದೆನೋ ಇಲ್ಲವೋ ಎಂಬುದು ನನ್ನ ಹೆಂಡತಿಗಿಂತ ಮೊದಲು ಪಕ್ಕದ ಮನೆಯ ನೀಲವ್ವನಿಗೆ ಗೊತ್ತಾಗುತ್ತಿತ್ತು.

ಅಪಾರ್ಥ ಬೇಡ. ನಮ್ಮ ಬಚ್ಚಲ ನೀರು ಗೋಡೆಯ ತೂತಿನಿಂದ ಆಕೆಯ ಹಿತ್ತಿಲಿಗೆ ಬೀಳುತ್ತಿತ್ತು. ನಮ್ಮ ಮನೆ ಎತ್ತರದಲ್ಲಿದೆ, ಆಕೆಯದು ತಗ್ಗಿನಲ್ಲಿ. ನನ್ನ ತಂದೆಯ ಕಾಲದಿಂದಲೂ ಹೀಗೇ. ಎಂಟು ಗಂಟೆಯಾದರೂ ತೂತಿನಲ್ಲಿ ನೀರು ಕಾಣದಿದ್ದರೆ ಗೋಡೆಯಾಚೆಯಿಂದ ದನಿ ಬರುತ್ತಿತ್ತು.

“ವೈನೀ, ಅಣ್ಣಾರು ಇನ್ನೂ ಎದ್ದಿಲ್ಲೇನ್ರಿ? ಇಲ್ಲೆ ಬಾಳಿಗಿಡ ಹಾದಿ ಕಾಯಾಕತ್ತಾವು.”

ಇಷ್ಟಾದ ಮೇಲೆ ಯಾವ ಗಂಡಸು ಹಾಸಿಗೆಯಲ್ಲಿ ಬಿದ್ದಿರುತ್ತಾನೆ?

ನಮ್ಮದಷ್ಟೇ ಅಲ್ಲ, ಸಾಲಿನ ಮೂರು ಮನೆಗಳ ಬಚ್ಚಲ ನೀರು ನೀಲವ್ವನ ಹಿತ್ತಿಲಿಗೇ ಹೋಗುತ್ತಿತ್ತು. ಹಿತ್ತಿಲೆಂದರೆ ಉದ್ದಕ್ಕೆ ಹದಿನೆಂಟು ಹೆಜ್ಜೆ, ಅಗಲಕ್ಕೆ ಹತ್ತು. (ಅಳೆದು ನೋಡಿದ್ದೇನೆ. ವರದಿಗಾರರ ಚಟ.) ತೂತುಗಳ ಕೆಳಗೆ ಬಾಳೆ. ಸಾಬೂನಿನ ನೀರನ್ನು ಮೊದಲು ಅವು ಕುಡಿಯಬೇಕು. ಅಲ್ಲಿಂದ ಹೆಂಚಿನ ಚೂರು, ಉಸುಕು, ಇದ್ದಿಲು ತುಂಬಿದ ಒಂದು ಗುಂಡಿ. ಗುಂಡಿಯಲ್ಲಿ ಇಳಿದು ತಿಳಿಯಾದ ನೀರು ಗೇಣಗಲದ ಕಾಲುವೆಯಲ್ಲಿ ಹರಿದು ಐದು ಮಡಿಗಳಿಗೆ ಹೋಗಬೇಕು. ರಾಜಗಿರಿ, ಮೆಂತ್ಯೆ, ಪುಂಡಿ, ಕೊತ್ತಂಬರಿ, ಮೆಣಸಿನ ಗಿಡ. ಗೋಡೆಯ ಮೇಲೆ ಹೀರೆಬಳ್ಳಿ. ಒಲೆಯ ಬೂದಿ, ಕಾಯಿಪಲ್ಯದ ಸಿಪ್ಪೆ, ಎರಡು ಆಡುಗಳ ಹಿಕ್ಕೆ, ಯಾವುದೂ ಅಂಗಳ ದಾಟುತ್ತಿರಲಿಲ್ಲ.

ಸೋಮವಾರ ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವ ದಿನ. ಸೋಡಾದ ನೀರು ಮಡಿಗೆ ಹೋದರೆ ಸೊಪ್ಪು-ಪಲ್ಯ ಸುಡುತ್ತದೆ. ಅಂದು ನೀಲವ್ವ ಒಂದು ಕಲ್ಲು ಸರಿಸಿ ಆ ನೀರನ್ನು ಮೂಲೆಯ ನುಗ್ಗೆಯ ಕಡೆ ತಿರುಗಿಸುತ್ತಿದ್ದಳು. ನಮ್ಮ ಮನೆಯಲ್ಲಿ ಯಾವ ದಿನ ಏನು ನಡೆಯುತ್ತದೆ ಎಂಬುದರ ಪಂಚಾಂಗ ಆಕೆಯ ತಲೆಯಲ್ಲಿತ್ತು. ಪ್ರತಿಫಲವಾಗಿ ಶುಕ್ರವಾರಕ್ಕೊಂದು ಸಿವುಡು ಮೆಂತ್ಯೆ ಗೋಡೆ ದಾಟಿ ಬರುತ್ತಿತ್ತು.

ಇದನ್ನೆಲ್ಲ ಆಕೆ ಶುರು ಮಾಡಿದ್ದು ಎಪ್ಪತ್ತೆರಡರ ಬರದಲ್ಲಿ, ಕೊಡ ನೀರಿಗೆ ಹೊಡೆದಾಟ ನಡೆಯುತ್ತಿದ್ದಾಗ. ಅದಕ್ಕೂ ಮೊದಲು ನೇಕಾರರೊಬ್ಬರ ಮನೆಯಲ್ಲಿ ನೂಲು ಸುತ್ತುವ ಕೂಲಿ ಮಾಡುತ್ತಿದ್ದಳು. ಜ್ವರದಲ್ಲಿದ್ದ ಎಳೆಗೂಸು ಮಗಳನ್ನು ಬಿಟ್ಟು ಒಂದು ದಿನ ಹೋಗಲಾಗಲಿಲ್ಲ. ಮಾಲಕ ಮರುದಿನ ನಾಲ್ಕು ಜನರೆದುರು ಬೈದ. ಗಂಡನಿಲ್ಲದ ಹೆಂಗಸು, ಬೈಗುಳವನ್ನು ನುಂಗಿ ಮನೆಗೆ ಬಂದಳು, ಮತ್ತೆ ಹೋಗಲಿಲ್ಲ. ಅಂದಿನಿಂದ ಬುಟ್ಟಿಯಲ್ಲಿ ಪಲ್ಯ ಹೊತ್ತು ನಾಲ್ಕು ಓಣಿ ತಿರುಗುವುದೇ ಆಕೆಯ ಜೀವನ. ನನ್ನ ಹೆಂಡತಿಗೆ ಒಮ್ಮೆ ಹೇಳಿದ್ದಳಂತೆ: “ಹಿತ್ತಲಾ ಹಸರ ಇರೂತನಾ ನಾ ಇನ್ನೊಬ್ರ ಕೂಲಿಗಿ ಹೋಗೂದಿಲ್ಲ ವೈನಿ.”

ಇನ್ನು ನನ್ನ ಪಾತ್ರ.

ನಮ್ಮ ಓಣಿಯ ಕೆಳತುದಿಯಲ್ಲಿ ನೀರು ನಿಲ್ಲುತ್ತಿತ್ತು. ಹಸಿರು ಪಾಚಿ, ಹಂದಿ, ಸೊಳ್ಳೆ. ಆ ಕಡೆಯ ಮನೆಗಳಲ್ಲಿ ಮಳೆಗಾಲಕ್ಕೊಮ್ಮೆ ಮಲೇರಿಯಾ ಖಾಯಂ. ಗಟಾರ ಬೇಕು ಎಂದು ಇದೇ ಅಂಕಣದಲ್ಲಿ ನಾಲ್ಕು ಸಲ ಬರೆದೆ. ಹಳೆಯ ಓದುಗರಿಗೆ ನೆನಪಿರಬಹುದು. ಕೆಳತುದಿಗೆ ಹೋಗಿ, ಕಣ್ಣಾರೆ ನೋಡಿ, ಮನೆಮನೆಗೆ ಕೇಳಿ ಬರೆದದ್ದು. ಪತ್ರಿಕೆಯ ಕಚೇರಿಗೆಂದು ಬಾಗಲಕೋಟೆಯ ಬಸ್ಸಿಗೆ ಲಕೋಟೆ ಕೊಟ್ಟು ಮನೆಗೆ ಬರುವಾಗ ಒಂದು ಕೆಲಸ ಸರಿಯಾಗಿ ಮಾಡಿದ ಸಮಾಧಾನವಿತ್ತು.

ನೀಲವ್ವನ ಹಿತ್ತಿಲನ್ನು ನಾನು ನೋಡಿರಲಿಲ್ಲವೆ? ದಿನಾ ನೋಡುತ್ತಿದ್ದೆ. ಸುದ್ದಿಯೆಂದು ನೋಡಿರಲಿಲ್ಲ, ಅಷ್ಟೆ. ಅಲ್ಲಿ ಒಂದು ಬೊಗಸೆ ನೀರೂ ನಿಲ್ಲುತ್ತಿರಲಿಲ್ಲ. ಸೊಳ್ಳೆ ಇರಲಿಲ್ಲ. ದೂರು ಇಲ್ಲದ ಕಡೆ ವರದಿಗಾರ ಯಾಕೆ ನಿಲ್ಲುತ್ತಾನೆ?

ಗಟಾರ ಬಂತು. ಖರೆ ಹೇಳಬೇಕೆಂದರೆ ಚೆನ್ನಾಗಿಯೇ ಬಂತು. ಓಣಿಯ ಉದ್ದಕ್ಕೂ ಕಲ್ಲು ಕಟ್ಟಿ, ಸಿಮೆಂಟು ಬಳಿದು, ಊರ ಹೊರಗಿನ ಹಳ್ಳದವರೆಗೆ ಒಯ್ದರು. ಕೆಳತುದಿಯ ಕೊಚ್ಚೆ ಒಣಗಿತು. ಜನ ನನ್ನನ್ನು ನಿಲ್ಲಿಸಿ ಕೈ ಮುಗಿದರು.

ಅದರ ಬೆನ್ನಿಗೇ ಪುರಸಭೆಯ ನೋಟೀಸು. ಪ್ರತಿಯೊಂದು ಮನೆಯ ನೀರೂ ಗಟಾರಕ್ಕೇ ಸೇರಬೇಕು, ಬೇರೆ ಕಡೆ ಬಿಡುವ ತೂತುಗಳನ್ನೆಲ್ಲ ಮುಚ್ಚಬೇಕು. ಗಟಾರ ಕೇಳಿದವನೇ ನಾನು, ಹಿಂದೆ ಉಳಿಯಲಾದೀತೆ? ಮೊದಲು ನಮ್ಮ ಮನೆಗೇ ಗೌಂಡಿ ಬಂದ. ಅರ್ಧ ಬುಟ್ಟಿ ಸಿಮೆಂಟಿನಲ್ಲಿ ಕೆಲಸ ಮುಗಿಯಿತು. ಸಂಜೆಯೊಳಗೆ ಮೂರೂ ಮನೆಗಳ ತೂತು ಬಂದ್.

ನೀಲವ್ವ ಗೋಡೆಯಾಚೆ ನಿಂತು ನೋಡಿದಳು. ನಳದ ನೀರು ದಿನ ಬಿಟ್ಟು ದಿನ ಬರುವ ಊರು. ತಾಯಿ ಮಗಳ ಜಳಕದ ನೀರು ಒಂದು ಮಡಿಗೂ ಸಾಲದು. ಮೊದಲು ಮೆಂತ್ಯೆ ಹೋಯಿತು. ಆಮೇಲೆ ಕೊತ್ತಂಬರಿ. ಬಾಳೆಯ ಎಲೆಗಳು ಅಂಚಿನಿಂದ ಸುಟ್ಟುಕೊಂಡು ಬಂದವು. ಒಂದು ಶುಕ್ರವಾರ ಆಕೆ ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಸಿವುಡು ಇರಲಿಲ್ಲ.

“ಅಣ್ಣಾರ, ನೀವು ಬರದ್ರಿ, ಗಟಾರ ಬಂತು. ಈಗ ಇನ್ನೊಂದ್ಸಲ ಬರದ್ರ ನಮ್ಮ ಮೂರು ಮನೀ ತೂತಾ ಅಷ್ಟು ಬಿಡ್ತಾರೇನ್ರಿ?”

ಬರೆಯುವುದಕ್ಕಿಂತ ಪುರಸಭೆಗೆ ಹೋಗಿ ಕೇಳುವುದು ಮೇಲು ಅನ್ನಿಸಿತು. ಹೋದೆ. ಓವರ್‌ಸಿಯರ್ ಒಳ್ಳೆಯ ಮನುಷ್ಯ, ಚಹಾ ತರಿಸಿದರು. ನಾನು ನೀಲವ್ವನ ಬಾಳೆ, ಗುಂಡಿ, ಮಡಿ ಎಲ್ಲವನ್ನೂ ವಿವರಿಸಿದೆ. ಅವರು ಪೂರ್ತಿ ಕೇಳಿ, ಕಪಾಟಿನಿಂದ ಒಂದು ಫೈಲು ತೆಗೆದರು. ಅದರಲ್ಲಿ ನನ್ನದೇ ಅಂಕಣದ ಕಟಿಂಗ್. ಒಂದು ಸಾಲಿನ ಕೆಳಗೆ ಕೆಂಪು ಪೆನ್ಸಿಲಿನ ಗೆರೆ: ಯಾವ ಮನೆಯ ಬಚ್ಚಲ ನೀರೂ ಮತ್ತೊಬ್ಬರ ಜಾಗಕ್ಕೆ ಹರಿಯುವಂತಿರಬಾರದು.

“ಇದು ನಿಮ್ಮ ಮಾತಲ್ರಿ ಸಾಹೇಬ್ರ? ಇವತ್ತ ಒಂದು ಮನೀಗಿ ಬಿಟ್ರ, ನಾಳೆ ನೀವ ಬರೀತೀರಿ, ವಶೀಲಿ ನಡದೈತಿ ಅಂತ.”

ಖಂಡಿತ ಬರೆಯುತ್ತಿದ್ದೆ. ಚಹಾ ಕುಡಿದು ಎದ್ದು ಬಂದೆ.

ಓಣಿಯ ಕೆಲವು ಮನೆಗಳ ನೀರು ಎಂದು ಬರೆಯಬೇಕಾದಲ್ಲಿ ‘ಯಾವ ಮನೆಯ’ ಎಂದು ಬರೆದಿದ್ದೆ. ವಾಕ್ಯ ಗಟ್ಟಿಯಾಗಲಿ ಎಂದು. ಹೊಸ ವರದಿಗಾರರು ಇಂಥ ವಾಕ್ಯ ಬರೆದು ತೋರಿಸಿದರೆ ನಾನೇ ಗೆರೆ ಎಳೆದು ಹೊಡೆದು ಹಾಕುತ್ತೇನೆ.

ಆಮೇಲೆ ನಾವಿಬ್ಬರೂ, ನಾನು ಮತ್ತು ಹೆಂಡತಿ, ಬಚ್ಚಲ ನೀರನ್ನು ಬಕೆಟ್ಟಿಗೆ ಹಿಡಿದು ಗೋಡೆಯ ಮೇಲಿಂದ ನೀಲವ್ವನಿಗೆ ದಾಟಿಸತೊಡಗಿದೆವು. ತೂತಿಲ್ಲದ ಗೋಡೆ ಎದೆಯ ಮಟ್ಟ ಬರುತ್ತದೆ. ಐವತ್ತು ದಾಟಿದ ಮೈ. ಉಳಿದೆರಡು ಮನೆಯವರು ನಮಗೆ ಪುರಸೊತ್ತಿಲ್ಲ ಎಂದರು, ಅದೂ ಸುಳ್ಳಲ್ಲ. ಹದಿನೆಂಟು ದಿನ ದಾಟಿಸಿದೆವು. ಹತ್ತೊಂಬತ್ತನೇ ದಿನ ನನಗೆ ಬಾದಾಮಿಯಲ್ಲಿ ಒಂದು ಸಭೆಯ ವರದಿಯಿತ್ತು. ಇಪ್ಪತ್ತನೇ ದಿನ ಸೊಂಟ ಹಿಡಿದಿತ್ತು. ಇಪ್ಪತ್ತೊಂದನೇ ದಿನ ಯಾವ ಕಾರಣವೂ ಇರಲಿಲ್ಲ, ಹೆಂಡತಿ ಬಕೆಟ್ಟನ್ನು ನೋಡಿದಳು, ನಾನೂ ನೋಡಿದೆ. ಇಬ್ಬರೂ ಎತ್ತಲಿಲ್ಲ. ಗೋಡೆಯಾಚೆಯಿಂದ ಯಾರೂ ಕೂಗಲೂ ಇಲ್ಲ.

ಹಿತ್ತಿಲು ಬಯಲಾಯಿತು. ಆಡುಗಳು ಹೋದವು. ಬೆಳಿಗ್ಗೆ ನೀಲವ್ವನ ಬಾಗಿಲಿಗೆ ಬೀಗ ಕಾಣತೊಡಗಿತು. ಎಲ್ಲಿಗೆ ಹೋಗುತ್ತಾಳೆ? ನೂಲು ಸುತ್ತಲು ಇರಬೇಕು ಎಂದುಕೊಂಡೆ. ಕೇಳಲು ಬಾಯಿ ಬರಲಿಲ್ಲ.

ಹೋದ ಮಂಗಳವಾರ ಸೈಕಲ್ ತೆಗೆದುಕೊಂಡು ಗಟಾರದ ಗುಂಟ ಹೊರಟೆ. ನಾಲ್ಕು ಅಂಕಣ ಬರೆದವನು ಅದರ ತುದಿಯನ್ನೇ ನೋಡಿರಲಿಲ್ಲ. ಕೊನೆಯ ಮನೆ ದಾಟಿ, ಇಳಕಲ್ ರಸ್ತೆ ಬಿಟ್ಟು ಎಡಕ್ಕೆ ಇಳಿದರೆ ಹಳ್ಳ. ಹಳ್ಳದ ದಂಡೆಯಲ್ಲಿ ಡೀಸೆಲ್ ಎಂಜಿನ್ ಡಬಡಬ ಎನ್ನುತ್ತಿತ್ತು. ಊರಿನ ಬಚ್ಚಲ ನೀರನ್ನು ಪೈಪು ಎತ್ತಿ ಪಕ್ಕದ ಹೊಲಕ್ಕೆ ಸುರಿಯುತ್ತಿತ್ತು. ಕಪ್ಪು ನೀರು, ಮೇಲೆ ಸಾಬೂನಿನ ನೊರೆ. ಸುತ್ತ ಎರಡು ಎಕರೆ ಪಲ್ಯ.

ಹೊಲದ ಮಾಲಕರು ಪರಿಚಯದವರೇ. ಬದುವಿನ ಮೇಲೆ ಕೂರಿಸಿ ಮಾತಾಡಿಸಿದರು. ಮೊದಲು ಬರೀ ಜೋಳ ಬರುತ್ತಿತ್ತು, ಇನ್ನು ವರ್ಷವಿಡೀ ಪಲ್ಯ, ಗಾಡಿ ತುಂಬಿ ಇಳಕಲ್ ಸಂತೆಗೆ ಹೋಗುತ್ತದೆ ಎಂದರು. ನೋಟೀಸು ಬಂದಿಲ್ಲವೇ ಎಂದು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

“ನೋಟಿಸ್ ಯಾಕ್ರಿ? ಇದು ಊರ ಹದ್ದಿನ ಹೊರಗ ಐತಲ್ರಿ.”

ಮಡಿಗಳಲ್ಲಿ ಏಳೆಂಟು ಹೆಂಗಸರು ಕುಕ್ಕರಗಾಲಿನಲ್ಲಿ ಕೂತು ರಾಜಗಿರಿ ಕೀಳುತ್ತಿದ್ದರು. ಒಬ್ಬಳು ಮಾತ್ರ ನಮ್ಮ ಕಡೆ ಬೆನ್ನು ಮಾಡಿ, ಸೆರಗನ್ನು ಮುಂದಕ್ಕೆಳೆದುಕೊಂಡಿದ್ದಳು. ಸಿವುಡು ಕಟ್ಟುವ ಕೈಯ ಚುರುಕು ನೋಡಿಯೇ ಗೊತ್ತಾಯಿತು. ಹತ್ತಿರ ಹೋದೆ. ನೀಲವ್ವ ತಲೆ ಎತ್ತಿದಳು. ನಾಚಿಕೆ ನನಗಾಗಬೇಕಿತ್ತು, ಮುಖ ತಗ್ಗಿಸಿದ್ದು ಆಕೆ.

ಎಷ್ಟು ದಿನವಾಯಿತು ಎಂದೆ. ಎರಡು ತಿಂಗಳು ಎಂದಳು. ಮಗಳು ಶಾಲೆಗೆ ಹೋಗುತ್ತಿದ್ದಾಳೆಯೇ ಎಂದೆ. ಹೂಂ ಎಂದಳು. ಆಮೇಲೆ ಬದುವಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, ನೊರೆ ಬರುವ ಕಡೆ ಕೈ ತೋರಿಸಿದಳು.

“ಮದಲ ಅಲ್ಲೆ ಬಾಳಿ ಹಚ್ಚಬೇಕ್ರಿ. ಸೋಡಾದ ನೀರು ಸೀದಾ ಮಡೀಗಿ ಬಿಟ್ಟಾರ. ಹೇಳಿದೆ, ನಿನ್ನ ಕೆಲಸಾ ನೋಡು ಅಂದ್ರು.”

ನಾನು ನೊರೆಯ ಕಡೆ ತಿರುಗಿ ನೋಡಿದೆ. ಆಕೆಯೇ ಮಾತು ಮುಗಿಸಿದಳು.

“ಏನ್ ಮಾಡೂದೈತಿ ಅಣ್ಣಾರ. ನಿಮ್ಮ ನೀರ ಎಲ್ಲಿ ಹೋತೋ ನಾನೂ ಅಲ್ಲೇ ಬಂದೇನಿ.”

ಸೈಕಲ್ ತಳ್ಳಿಕೊಂಡು ರಸ್ತೆಗೆ ಬಂದೆ. ಕೆಳತುದಿಯ ಮನೆಗಳಲ್ಲಿ ಈ ಸಲ ಜ್ವರ ಕಡಿಮೆ. ಅದನ್ನೂ ಬರೆಯಬೇಕು, ಬರೆದಿದ್ದೇನೆ. ಗಟಾರ ಬೇಡವಿತ್ತು ಎಂದು ನಾನು ಹೇಳಲಾರೆ.

ಆದರೆ ಗೋಡೆ ದಾಟಿದ ನೀರಿಗೆ ನೋಟೀಸು, ಊರು ದಾಟಿದ ಅದೇ ನೀರಿಗೆ ಎಂಜಿನ್ನು. ಹೊಲಸು ಇದ್ದದ್ದು ನೀರಿನಲ್ಲೋ, ಹದಿನೆಂಟು ಹೆಜ್ಜೆಯ ಹಿತ್ತಿಲಿನಲ್ಲೋ?