ಪಾಸ್‌ವರ್ಡಣ್ಣನ ಭಾನುವಾರ

ನಮ್ಮ ಅಣ್ಣನನ್ನು ಇಡೀ ಬಳಗ ಪಾಸ್‌ವರ್ಡಣ್ಣ ಎಂದೇ ಕರೆಯುವುದು. ಹೆಂಡತಿಯನ್ನು ನಂಬಿದರೂ ನಂಬಿಯಾನು, ಕಂಪ್ಯೂಟರನ್ನು ನಂಬುವ ಆಸಾಮಿಯಲ್ಲ. ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ಗಾಯದ ಪಟ್ಟಿ, ಟೀವಿಯ ಮೈಕಿಗೆ ಟೇಪು. "ಎಲ್ಲಾ ಕೇಳಿಸ್ಕೊಳ್ತಿರ್ತಾರೆ ಕಣೋ" ಎನ್ನುತ್ತಾನೆ. ಯಾರು ಎಂದರೆ ಸೂರು ನೋಡುತ್ತಾನೆ. ಇವನ ಗೊರಕೆಯನ್ನು ಕದ್ದು ಕೇಳಿ ಯಾವ ಪುಣ್ಯಾತ್ಮ ಉದ್ಧಾರವಾಗಬೇಕೋ! ನೆಂಟರಿಗೆಂದೇ ಬೇರೊಂದು ನೆಟ್‌ವರ್ಕ್ ಇಟ್ಟಿದ್ದಾನೆ. ಅದರಲ್ಲಿ ಒಂದು ಫೋಟೊ ತೆರೆದುಕೊಳ್ಳುವಷ್ಟರಲ್ಲಿ ನೆಂಟರು ಚಪ್ಪಲಿ ಮೆಟ್ಟಿ ಹೊರಟಿರುತ್ತಾರೆ. ಇದೆಲ್ಲಕ್ಕೂ ಕಳಶವಿಟ್ಟಂತೆ, ಪ್ರತಿ ಭಾನುವಾರ ಮನೆಯ ವೈಫೈ ಪಾಸ್‌ವರ್ಡ್ ಬದಲಿಸುವ ಚಟ. ಹೊಸದನ್ನು ಎಲ್ಲೂ ಬರೆಯುವಂತಿಲ್ಲ, ಫೋನಿನಲ್ಲಿ ಕಳಿಸುವಂತಿಲ್ಲ. ಬೇಕಾದವರು ಅವನ ಕೋಣೆಗೆ ಹೋಗಿ, ಮಂಚದ ತುದಿಯಲ್ಲಿ ಕೂತು, ಕಿವಿಯಲ್ಲಿ ಹೇಳಿಸಿಕೊಳ್ಳಬೇಕು. ಅದರ ಜೊತೆಗೆ ಕಳ್ಳಕಾಕರ ಬಗ್ಗೆ ಒಂದು ಉದ್ದದ ಪ್ರವಚನ ಪುಕ್ಕಟೆ. ಮಗ, ಮಗಳು ಗೊಣಗುತ್ತಲೇ ಹೋಗಿಬರುತ್ತಿದ್ದರು. "ಇದೇನ್ ಮನೇನೋ ಖಜಾನೇನೋ! ನಿಮ್ಮಣ್ಣನ ಕಾಟ ಸಾಕಾಗ್ಹೋಗಿದೆ" ಎಂದು ಅತ್ತಿಗೆ ನನ್ನೆದುರು ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಈಚೆಗೆ ಮಕ್ಕಳು ರೋಸಿಹೋಗಿ, ವೈಫೈ ಸಹವಾಸವೇ ಬೇಡವೆಂದು ತಂತಮ್ಮ ಫೋನಿಗೇ ಇಂಟರ್ನೆಟ್ ಹಾಕಿಸಿಕೊಂಡರು, ಅತ್ತಿಗೆಗೂ ಹಾಕಿಸಿಕೊಟ್ಟರು. ಅದಾದ ಮೇಲಿನ ಭಾನುವಾರ ಅಣ್ಣ ಹೊಸ ಪಾಸ್‌ವರ್ಡ್ ಇಟ್ಟು, ಬಾಗಿಲು ತೆರೆದುಕೊಂಡು ಸಂಜೆಯವರೆಗೂ ಕೂತಿದ್ದನಂತೆ. ಯಾರೂ ಹೋಗಲಿಲ್ಲ. ನಿನ್ನೆ ನಾನು ಹೋದಾಗ, ಗುಟ್ಟು ಗುಟ್ಟು ಎಂದು ಪ್ರಾಣ ತಿನ್ನುತ್ತಿದ್ದ ಈ ಮಹಾಶಯ, ಬೀದಿಯಲ್ಲಿ ಹೋಗುವವರಿಗೂ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಪಾಸ್‌ವರ್ಡನ್ನು ಬರೆದು ನಡುಮನೆಯ ಗೋಡೆಗೆ ಅಂಟಿಸಿದ್ದ. ಕೆಳಗೆ ಸಣ್ಣದಾಗಿ ಒಂದು ಸಾಲು: "ಕೊನೇ ಅಕ್ಷರ ಬರ್ದಿಲ್ಲ, ಒಳಗಿದ್ದೀನಿ, ಬಂದು ಕೇಳಿ."